ಹಾಡಿದವರನ್ನು ಕೇಳದೆ ಬಿಟ್ಟ ಪ್ರಶ್ನೆಗಳು

ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು 2025ರ ಫೆಬ್ರುವರಿ 13ರಂದು ತೀರಿಕೊಂಡರು. ಅದಕ್ಕೆ ಎರಡು ತಿಂಗಳು ಮೊದಲು, 2024ರ ಡಿಸೆಂಬರ್ 16ರಂದು, ಅದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅಗಲಿದ್ದರು. ಇಬ್ಬರೂ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಣ್ಣುಮಕ್ಕಳು. ಇಬ್ಬರೂ ಅಕ್ಷರ ಕಲಿಯದವರು. ಇಬ್ಬರೂ ಪದ್ಮಶ್ರೀ ಪಡೆದವರು. ಒಬ್ಬರು ಗಿಡ ಬೆಳೆಸಿದರು, ಇನ್ನೊಬ್ಬರು ಹಾಡಿದರು. ಬೆಳೆಸಿದ ಗಿಡ ಬೆಳೆಸಿದವರು ಹೋದ ಮೇಲೂ ನಿಂತಿರುತ್ತದೆ. ಹಾಡಿನ ಸಂಗತಿ ಹಾಗಲ್ಲ. ಅದನ್ನು ಹಾಡುವವರು ಇಲ್ಲವಾದಾಗ ಅದರ ಪದಗಳು ಕಾಗದದಲ್ಲೋ ಧ್ವನಿಮುದ್ರಿಕೆಯಲ್ಲೋ ಉಳಿಯಬಹುದು. ಅದನ್ನು ಕಟ್ಟಿದ ಬಗೆ ಮಾತ್ರ ಅವರೊಂದಿಗೇ ಹೋಗುತ್ತದೆ.

ಸುಕ್ರಜ್ಜಿಯನ್ನು ಮಾತನಾಡಿಸಿದವರಿಗೆ ಕೊರತೆಯಿರಲಿಲ್ಲ. 2017ರಲ್ಲಿ ಪದ್ಮಶ್ರೀ ಬಂದ ಮೇಲಂತೂ ಪತ್ರಿಕೆಯವರು, ದೂರದರ್ಶನದವರು, ಕ್ಯಾಮೆರಾ ಹಿಡಿದ ಉತ್ಸಾಹಿ ತರುಣರು ಬಡಗೇರಿಯ ದಾರಿ ಹಿಡಿದರು. ಆ ಸಂದರ್ಶನಗಳಲ್ಲಿ ನಾನು ಓದಿದ, ನೋಡಿದ ಹಲವನ್ನು ಅವರು ಹೋದ ಮೇಲೆ ಮತ್ತೊಮ್ಮೆ ತಿರುವಿ ಹಾಕಿದೆ. ಬಹುತೇಕ ಒಂದೇ ಅಚ್ಚಿನವು. ಎಳವೆಯಲ್ಲೇ ಆದ ಮದುವೆ, ಗಂಡನ ಸಾವು, ಬಡತನ, ಸಾರಾಯಿ ವಿರುದ್ಧದ ಹೋರಾಟ, ದೆಹಲಿಯ ಪ್ರಯಾಣ, ಗೋಡೆಗೆ ತೂಗುಹಾಕಿದ ಪ್ರಶಸ್ತಿಗಳು. ಕೊನೆಗೆ, "ಅಜ್ಜೀ, ಒಂದು ಹಾಡು ಹೇಳಿ". ಅವರಿಗೆ ಬರುತ್ತಿದ್ದ ಹಾಡುಗಳ ಸಂಖ್ಯೆ ಒಂದು ಕಡೆ ಸಾವಿರ, ಇನ್ನೊಂದು ಕಡೆ ಐದು ಸಾವಿರ. ಎಣಿಸಿದವರು ಯಾರು, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎಂದು ತೀರ್ಮಾನಿಸಿದ್ದು ಹೇಗೆ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಬದುಕಿನ ಕಷ್ಟವನ್ನು ಕೇಳಬಾರದೆಂದು ನಾನು ಹೇಳುತ್ತಿಲ್ಲ. ಸಾರಾಯಿ ಅಂಗಡಿಗಳ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದ್ದು ಅವರ ಸಾರ್ವಜನಿಕ ಬದುಕಿನ ದೊಡ್ಡ ಅಧ್ಯಾಯ. ಆದರೆ ಅವರನ್ನು ನಾಡು ಗುರುತಿಸಿದ್ದು ಮೊದಲು ಹಾಡುಗಾರ್ತಿಯೆಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟದ್ದು ಆ ವಿದ್ಯೆಗೆ. ಆ ವಿದ್ಯೆಯ ಬಗ್ಗೆ ಕೇಳಿದ್ದೆಷ್ಟು? ತಾಯಿಯಿಂದ ಕಲಿತರೆಂದು ಎಲ್ಲರೂ ಬರೆದರು. ಕಲಿಯುವುದೆಂದರೆ ಏನು? ತಾಯಿ ಸಾಲು ಹೇಳಿಕೊಟ್ಟು ಮಗಳು ಒಪ್ಪಿಸಿದಳೇ, ಅಥವಾ ಗದ್ದೆಯಲ್ಲಿ, ಮದುವೆಮನೆಯಲ್ಲಿ ಹಿಂದೆ ನಿಂತು ಸೊಲ್ಲೆತ್ತಿ ಕಲಿತದ್ದೇ? ತಪ್ಪಿದಾಗ ತಿದ್ದುತ್ತಿದ್ದವರು ಯಾರು? ಸಾಲು ಮರೆತರೆ ಏನು ಮಾಡುತ್ತಿದ್ದರು? ಒಂದೇ ಹಾಡನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ ಯಾವುದು ಸರಿ? ಹೊಸ ಹಾಡು ಕಟ್ಟಿದಾಗ ಮೊದಲು ಬರುವುದು ಧಾಟಿಯೋ ಮಾತೋ? ಒಬ್ಬ ಶಾಸ್ತ್ರೀಯ ಗಾಯಕನೆದುರು ಕುಳಿತರೆ ನಾವು ತಪ್ಪದೆ ಗುರು, ಘರಾಣೆ, ರಿಯಾಜು ಎಂದು ಕೇಳುತ್ತೇವೆ. ಸುಕ್ರಜ್ಜಿಯೆದುರು ಕುಳಿತಾಗ ಗುಡಿಸಲು, ಮಣಿಸರ, ಉಟ್ಟ ಸೀರೆಯ ಬಗ್ಗೆ ಕೇಳುತ್ತೇವೆ.

ಇದರ ಬೇರು ನಾವು ಪ್ರೀತಿಯಿಂದಲೇ ಕೊಟ್ಟ ಬಿರುದಿನಲ್ಲಿದೆ ಎನಿಸುತ್ತದೆ. 'ಹಾಲಕ್ಕಿ ಕೋಗಿಲೆ', 'ಜಾನಪದ ಕೋಗಿಲೆ' ಎಂದು ಕರೆದೆವು. ಕೋಗಿಲೆಯನ್ನು ಯಾರೂ ಸಂದರ್ಶಿಸುವುದಿಲ್ಲ. ಅದು ಕಲಿತು ಹಾಡುವುದಿಲ್ಲ; ವಸಂತ ಬಂದರೆ ಹಾಡುತ್ತದೆ ಎಂಬುದು ನಮ್ಮ ಭಾವನೆ. ಜನಪದ ಗಾಯಕಿಯ ಹಾಡೂ ಹಾಗೆಯೇ, ಮಣ್ಣಿನಿಂದ ತಾನಾಗಿ ಚಿಮ್ಮಿದ್ದು ಎಂದು ಒಪ್ಪಿಕೊಂಡ ಮೇಲೆ ಆಕೆಯ ದುಡಿಮೆ, ಆಯ್ಕೆ, ವಿವೇಚನೆಗಳ ಬಗ್ಗೆ ಪ್ರಶ್ನೆಗಳೇ ಹುಟ್ಟುವುದಿಲ್ಲ.

ಇದೇ ಕರಾವಳಿಯಲ್ಲಿ ಒಬ್ಬ ಕವಿ ತನ್ನ ಸೃಷ್ಟಿಯ ಬಗ್ಗೆ ಯಾರೂ ಕೇಳದೆಯೇ ಹೇಳಿಕೊಂಡದ್ದನ್ನು ಇಲ್ಲಿ ನೆನೆಯಬಹುದು. 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದು ಕೆಲಕಾಲ ಇದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರು. 'ಪ್ರಕೃತಿರ್ ಪ್ರತಿಶೋಧ್' ನಾಟಕ ರೂಪುಗೊಂಡದ್ದು ಅಲ್ಲಿ. ಮುಂದೆ 'ಜೀವನಸ್ಮೃತಿ'ಯಲ್ಲಿ ಅವರು ಕಾರವಾರಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟರು. ಕಾರವಾರದ ಜನ ಅದನ್ನು ಹೆಮ್ಮೆಯಿಂದ ನೆನೆಯುತ್ತಾರೆ. ಕಡಲತೀರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಆದರೆ ಆ ಅಧ್ಯಾಯದ ನಿಜವಾದ ಬೆಲೆ ಇರುವುದು ಕಡಲಿನ ವರ್ಣನೆಯಲ್ಲಿ ಮಾತ್ರವಲ್ಲ. ಅದು ಒಬ್ಬ ಕಲಾವಿದ ತನಗೆ ತಾನೇ ಮಾಡಿಕೊಂಡ ಸಂದರ್ಶನದಂತಿದೆ.

ಬೆಳದಿಂಗಳ ರಾತ್ರಿಯೊಂದರಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ ಬಂದದ್ದನ್ನು, ಮರಳ ಮೇಲೆ ನಡೆದು ಮನೆ ಸೇರಿದ್ದನ್ನು, ಅದೇ ರಾತ್ರಿ ಒಂದು ಕವಿತೆ ಬರೆದದ್ದನ್ನು ಅವರು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಭಾವ ಉಕ್ಕುತ್ತಿರುವ ಗಳಿಗೆಯಲ್ಲಿ ಬರೆದದ್ದು ಒಳ್ಳೆಯ ಬರಹವಾಗಿರಲೇಬೇಕೆಂದಿಲ್ಲ. ಅನುಭವಕ್ಕೆ ತೀರ ಅಂಟಿಕೊಂಡಿರುವುದೂ ತೀರ ದೂರ ಹೋಗುವುದೂ ಕವಿತೆಗೆ ಹಿತವಲ್ಲ ಎಂಬ ವಿಚಾರಕ್ಕೆ ಬರುತ್ತಾರೆ. ನಾಟಕದ ಕೆಲವು ಹಾಡುಗಳನ್ನು ಕಾರವಾರದಿಂದ ಮರಳುವಾಗ ಹಡಗಿನ ಅಟ್ಟದ ಮೇಲೆ ಕುಳಿತು, ಹಾಡಿಕೊಳ್ಳುತ್ತ ಬರೆದೆನೆಂದೂ ಹೇಳುತ್ತಾರೆ. ಮಾತು ಮತ್ತು ಧಾಟಿ ಒಟ್ಟಿಗೇ ಹುಟ್ಟಿದವೆಂದು ನಮಗೆ ತಿಳಿಯುವುದು ಹೀಗೆ. ಸೀಮಿತದಲ್ಲಿಯೇ ಅಸೀಮವನ್ನು ಕಾಣುವ ಸಂತೋಷ ತನ್ನ ಮುಂದಿನ ಎಲ್ಲ ಬರವಣಿಗೆಯ ವಸ್ತುವಾಯಿತು, ಆ ನಾಟಕ ಅದಕ್ಕೆ ಪೀಠಿಕೆಯಂತಿತ್ತು ಎಂದು ತಮ್ಮ ಕೃತಿಯ ಸ್ಥಾನವನ್ನೂ ಅವರೇ ಗುರುತಿಸಿಕೊಡುತ್ತಾರೆ.

ರವೀಂದ್ರರ ಕೈಯಲ್ಲಿ ಲೇಖನಿ ಇತ್ತು. ಅಕ್ಷರವಿಲ್ಲದ ಕಲಾವಿದೆಗೆ ಕೇಳುವವನ ಕೈಯೇ ಲೇಖನಿ. ಅವನು ಬರೆಯದಿದ್ದರೆ ಆಕೆ ಹೇಳಬಹುದಾಗಿದ್ದದ್ದು ಇಲ್ಲವೇ ಇಲ್ಲ. ಸಂದರ್ಶನವೆಂಬುದು ಪುಟ ತುಂಬಿಸುವ ಹಗುರ ಬರಹವಲ್ಲ ಎನ್ನುವುದು ಇದಕ್ಕಾಗಿ.

ಕಾರವಾರದ ಇನ್ನೊಬ್ಬ ಕಲಾವಿದೆಯ ಉದಾಹರಣೆ ಇದಕ್ಕೆ ಬೇರೊಂದು ಮಗ್ಗುಲನ್ನು ತೋರಿಸುತ್ತದೆ. ಮರಾಠಿ ಚಿತ್ರರಂಗದ ಮೇರು ನಟಿ ಜಯಶ್ರೀ ಗಡಕರ್ ಹುಟ್ಟಿದ್ದು ಸದಾಶಿವಗಡದ ಬಳಿಯ ಕಣಸಗಿರಿಯಲ್ಲಿ. ಗುಂಪು ನೃತ್ಯಗಾರ್ತಿಯಾಗಿ ಸಿನಿಮಾ ಸೇರಿದ ಅವರಿಗೆ ದೊಡ್ಡ ಹೆಸರು ತಂದದ್ದು ಅನಂತ ಮಾನೆ ನಿರ್ದೇಶನದ 1959ರ 'ಸಾಂಗತ್ಯೆ ಐಕಾ'. ಮುಂದೆ ರಾಮಾನಂದ ಸಾಗರರ 'ರಾಮಾಯಣ' ಧಾರಾವಾಹಿಯಲ್ಲಿ ಕೌಸಲ್ಯೆಯಾಗಿ ಅವರು ದೇಶಕ್ಕೆಲ್ಲ ಪರಿಚಿತರಾದರು. 2008ರ ಆಗಸ್ಟ್‌ನಲ್ಲಿ ತೀರಿಕೊಳ್ಳುವ ಮೊದಲೇ 'ಅಶೀ ಮೀ ಜಯಶ್ರೀ' ಎಂಬ ಆತ್ಮಕಥೆಯನ್ನೂ ಕೊಟ್ಟಿದ್ದರು.

'ಸಾಂಗತ್ಯೆ ಐಕಾ' ಎಂದರೆ 'ಹೇಳುತ್ತೇನೆ, ಕೇಳಿ' ಎಂದರ್ಥ. ಅದೇ ಚಿತ್ರದಲ್ಲಿ ನಟಿಸಿದ್ದ ಇನ್ನೊಬ್ಬ ಹಿರಿಯ ನಟಿ ಹಂಸಾ ವಾಡಕರ್ ತಮ್ಮ ಆತ್ಮಕಥೆಗೆ ಅದೇ ಹೆಸರಿಟ್ಟರು. ಆ ಪುಸ್ತಕ ಅವರು ಕುಳಿತು ಬರೆದದ್ದಲ್ಲ. ಪತ್ರಕರ್ತ ಅರುಣ್ ಸಾಧು ಅವರಿಗೆ ಹೇಳಿ ಬರೆಸಿದ್ದು. ಕೇಳಿದವರ ಪ್ರಶ್ನೆಗಳೆಲ್ಲ ಮರೆಯಾಗಿ ಹೇಳಿದವರ ದನಿಯೊಂದೇ ಪುಟಗಳಲ್ಲಿ ಉಳಿಯಿತು. ಶ್ಯಾಮ್ ಬೆನೆಗಲ್ ಅದನ್ನು ಆಧರಿಸಿ 1977ರಲ್ಲಿ 'ಭೂಮಿಕಾ' ತೆಗೆದರು. ಸ್ಮಿತಾ ಪಾಟೀಲರೊಂದಿಗೆ ನಮ್ಮ ಅನಂತನಾಗ್ ಅದರಲ್ಲಿದ್ದರು. ಸಹನೆಯಿಂದ ಕೇಳುವ ಒಬ್ಬ ಸಿಕ್ಕರೆ ಬಾಯಿಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ನಟಿಗೆ ಇನ್ನೊಂದು ಅನುಕೂಲವಿದೆ. ಆಕೆ ಏನನ್ನೂ ಹೇಳದೆ ಹೋದರೂ ಸಿನಿಮಾ ಉಳಿಯುತ್ತದೆ. ನಾಳಿನ ನಟಿ ಅದನ್ನು ನೋಡಿ ಕಲಿಯಬಹುದು. ಸಂದರ್ಭದೊಂದಿಗೆ ಹುಟ್ಟಿ ಸಂದರ್ಭದೊಂದಿಗೆ ಮುಗಿಯುವ ಹಾಡಿಗೆ ಆ ಅನುಕೂಲವಿಲ್ಲ. ಹಾಲಕ್ಕಿಗಳಲ್ಲಿ ಮದುವೆಯ ಒಂದೊಂದು ಶಾಸ್ತ್ರಕ್ಕೆ ಒಂದೊಂದು ಹಾಡಿದೆ, ಗದ್ದೆ ನಾಟಿಗೆ ಬೇರೆಯದಿದೆ. ಹೋಳಿಯ ಹೊತ್ತಿನ ಸುಗ್ಗಿ ಕುಣಿತಕ್ಕೆ ತುರಾಯಿ, ಗುಮಟೆಗಳೊಂದಿಗೆ ಬೇರೆಯದೇ ಲೋಕವಿದೆ. ಹಾಡು ಹೇಳಿ ಎಂದರೆ "ಎಂಥದ್ದಕ್ಕೆ ಹೇಳೂದು?" ಎಂದು ಮರಳಿ ಕೇಳುವ ಹೆಂಗಸರನ್ನು ನಾನು ಆ ಕಡೆ ಕಂಡಿದ್ದೇನೆ. ಅದು ಸಂಕೋಚದ ಮಾತಲ್ಲ, ಶಾಸ್ತ್ರದ ಮಾತು. ಸಂದರ್ಭವಿಲ್ಲದ ಹಾಡು ಅವರಿಗೆ ಅರ್ಧ ಹಾಡು. ಕ್ಯಾಮೆರಾದ ಮುಂದೆ ಎರಡು ನಿಮಿಷ ಹಾಡಿಸಿಕೊಂಡು ಹೋಗುವವರು ಆ ಅರ್ಧವನ್ನೇ ಪೂರ್ತಿ ಎಂದುಕೊಂಡು ಹೋಗುತ್ತಾರೆ.

ಅಕ್ಷರ ಬಾರದ ಗಾಯಕರಿಗೆ ತಮ್ಮ ಕಲೆಯ ಬಗ್ಗೆ ಮಾತನಾಡಲು ಬರುವುದಿಲ್ಲ, ಅವರು ಹಾಡಬಲ್ಲರಷ್ಟೇ ಎನ್ನುವವರಿದ್ದಾರೆ. ಇದನ್ನು ಒಪ್ಪುವುದು ಕಷ್ಟ. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯಾದ ಹಳ್ಳಿಹಳ್ಳಿಗಳಲ್ಲಿ ವೀರಗೀತೆ ಹಾಡುವವರನ್ನು ಹುಡುಕಿಕೊಂಡು ಹೋದರು. ಹೋಮರನ ಕಾವ್ಯಗಳು ಬಾಯಿಂದ ಬಾಯಿಗೆ ಹೇಗೆ ಕಟ್ಟಲ್ಪಟ್ಟಿರಬಹುದು ಎಂಬುದು ಅವರ ಪ್ರಶ್ನೆ. ಹಾಡುಗಳನ್ನು ಅಲ್ಯುಮಿನಿಯಂ ತಟ್ಟೆಗಳ ಮೇಲೆ ಮುದ್ರಿಸಿಕೊಂಡಂತೆಯೇ ಗಾಯಕರೊಂದಿಗೆ ದೀರ್ಘ ಸಂಭಾಷಣೆಗಳನ್ನೂ ಮುದ್ರಿಸಿಕೊಂಡರು. ಆ ಸಂಭಾಷಣೆ ನಡೆಸುತ್ತಿದ್ದವನು ನಿಕೋಲಾ ವುಯ್ನೋವಿಚ್ ಎಂಬ ಸಹಾಯಕ. ಅವನೂ ಸ್ವತಃ ಹಾಡುಗಾರ, ಅದೇ ನುಡಿಯವನು.

ಅಲ್ಲಿ ಒಬ್ಬ ಗಾಯಕ, ಇನ್ನೊಬ್ಬನಿಂದ ಕೇಳಿದ ಹಾಡನ್ನು ತಾನು ಒಂದಕ್ಷರವೂ ಬದಲಿಸದೆ ಹಾಡಿದೆನೆಂದು ಖಂಡಿತವಾಗಿ ಹೇಳಿದ. ಮುದ್ರಿಕೆಗಳನ್ನು ಹೋಲಿಸಿದಾಗ ಎರಡೂ ಬೇರೆ ಬೇರೆ! ಅವನು ಸುಳ್ಳು ಹೇಳಿರಲಿಲ್ಲ. ಅಕ್ಷರ ಬಲ್ಲವರಿಗೆ 'ಪದ' ಎಂದರೆ ಅಚ್ಚಿನ ಪುಟದಲ್ಲಿ ಎರಡು ತೆರಪುಗಳ ನಡುವೆ ಇರುವುದು. ಅವನಿಗೆ ಅದು ಒಂದು ಇಡೀ ಮಾತು, ಒಂದು ಸಾಲು, ಒಂದು ಸನ್ನಿವೇಶ. ಪ್ಯಾರಿಯವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ 'ದ ಸಿಂಗರ್ ಆಫ್ ಟೇಲ್ಸ್' ಗ್ರಂಥ ಮೌಖಿಕ ಕಾವ್ಯದ ತಿಳಿವಳಿಕೆಯನ್ನೇ ಬದಲಿಸಿತು. ಗಾಯಕ ಕಂಠಪಾಠ ಒಪ್ಪಿಸುವವನಲ್ಲ, ಹಾಡುವಾಗಲೇ ಕಟ್ಟುವವನು ಎಂಬುದು ಅದರ ಸಾರ. ಈ ತಿಳಿವಿನಲ್ಲಿ ಹಾಡುಗಳಷ್ಟೇ ಪಾಲು ಪ್ರಶ್ನೆಗಳಿಗೂ ಇದೆ.

ಈ ಬೆಳಕಿನಲ್ಲಿ ನೋಡಿದರೆ ಸಾವಿರವೋ ಐದು ಸಾವಿರವೋ ಎಂಬ ಲೆಕ್ಕ ಹಗುರವಾಗಿ ಕಾಣುತ್ತದೆ. ಸುಕ್ರಜ್ಜಿಯ ತಲೆಯಲ್ಲಿ ಇಷ್ಟು ಹಾಡುಗಳು ಉಗ್ರಾಣದ ಮೂಟೆಗಳಂತೆ ಇದ್ದವೇ, ಅಥವಾ ಹಾಡು ಕಟ್ಟುವ ಒಂದು ವಿದ್ಯೆ ಇತ್ತೇ? ಎರಡನೆಯದು ನಿಜವಾಗಿದ್ದರೆ ಎಷ್ಟು ಹಾಡುಗಳನ್ನು ಬರೆದಿಟ್ಟರೂ ನಾವು ಉಳಿಸಿಕೊಂಡದ್ದು ಫಸಲನ್ನು ಮಾತ್ರ, ಬೀಜವನ್ನಲ್ಲ. ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕರಂಥವರು ಈ ಜಿಲ್ಲೆಯ ಹಾಡು, ಕತೆಗಳನ್ನು ಹಳ್ಳಿ ಸುತ್ತಿ ಸಂಗ್ರಹಿಸಿದ್ದರಿಂದ ಆ ಫಸಲಾದರೂ ನಮಗೆ ದಕ್ಕಿದೆ. ಅದರ ಮುಂದಿನ ಹೆಜ್ಜೆಯನ್ನು ಇಡುವ ಹೊಣೆ ನಂತರದವರದು.

ವೃತ್ತಿಯ ಪ್ರಶ್ನೆಯೂ ಇದೆ. ಚಿತ್ರನಟರನ್ನು ಸಂಭಾವನೆಯ ಬಗ್ಗೆ ಕೇಳಲು ನಾವು ಹಿಂಜರಿಯುವುದಿಲ್ಲ. ಜನಪದ ಕಲಾವಿದರನ್ನು ಮಾತ್ರ ಕೇಳುವುದಿಲ್ಲ. ಕಲೆ ಅವರಿಗೆ ಉಸಿರು, ಉಸಿರಿಗೆ ಕೂಲಿಯೆಲ್ಲಿಯದು ಎಂಬ ಧೋರಣೆ. ಉತ್ಸವಕ್ಕೆ ಕರೆಸಿದವರು ಬಸ್ಸಿನ ಖರ್ಚು ಕೊಟ್ಟರೇ, ಹಾಡಿನ ಮುದ್ರಿಕೆ ಮಾರಿದವರು ಪಾಲು ಕೊಟ್ಟರೇ, ಸರ್ಕಾರದ ಮಾಸಾಶನ ತಿಂಗಳು ತಿಂಗಳು ತಲುಪುತ್ತಿದೆಯೇ ಎಂಬುದನ್ನು ವಿಚಾರಿಸುವುದು ಅಗೌರವವಲ್ಲ. ಹಾಗೆ ವಿಚಾರಿಸಿದಾಗಲೇ ಆಕೆಯನ್ನು ದುಡಿಯುವ ಕಲಾವಿದೆಯೆಂದು ಒಪ್ಪಿದಂತಾಗುತ್ತದೆ.

ಮಾಡಬಹುದಾದದ್ದು ಬಹಳವಿದೆ, ಮತ್ತು ಅದಕ್ಕೆ ದೊಡ್ಡ ಹಣ ಬೇಕಿಲ್ಲ. ಕಾರವಾರದಲ್ಲಿ ಆಕಾಶವಾಣಿ ಕೇಂದ್ರವಿದೆ. ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ ಗೋಖಲೆ ಶತಾಬ್ದಿ ಕಾಲೇಜು ಅಂಕೋಲೆಯಲ್ಲಿದೆ. ಹಾಲಕ್ಕಿ ಮನೆಗಳ ಮಕ್ಕಳು ಇಂದು ಕಾಲೇಜು ಓದುತ್ತಿದ್ದಾರೆ. ಅವರ ಕೈಯಲ್ಲಿ ಧ್ವನಿ ಮುದ್ರಿಸುವ ಮೊಬೈಲ್ ಫೋನ್ ಇದೆ. ಅಜ್ಜಿಯ ಕನ್ನಡ ಅವರಿಗೆ ಮನೆಮಾತು. ಪ್ಯಾರಿಯವರಿಗೆ ನಿಕೋಲಾ ಹೇಗೋ, ನಮಗೆ ಈ ಮಕ್ಕಳು ಹಾಗೆ. ಹೊರಗಿನಿಂದ ಬಂದವರು ಅರ್ಧ ದಿನದಲ್ಲಿ ಕೇಳಲಾರದ್ದನ್ನು ಅವರು ಒಂದು ಮಳೆಗಾಲದಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಕುಳಿತು ಕೇಳಬಲ್ಲರು. ನಾಟಿಯ ದಿನ ನಾಟಿಯ ಹಾಡು, ಮದುವೆಯ ದಿನ ಮದುವೆಯ ಹಾಡು. ಹಾಡು ಮುಗಿದ ಮೇಲೆ, ಈ ಸಾಲು ಇಲ್ಲಿಗೆ ಯಾಕೆ ಬಂತು, ಆಚೆ ಕೊಪ್ಪದವರು ಇದನ್ನು ಬೇರೆ ಹೇಳುತ್ತಾರಲ್ಲ ಎಂಬ ಒಂದೆರಡು ಪ್ರಶ್ನೆ. ಅಧ್ಯಾಪಕರು ಇದನ್ನು ಪದವಿ ತರಗತಿಯ ಕಿರು ಯೋಜನೆಯಾಗಿ ಒಪ್ಪಿಕೊಂಡರೆ, ಆಕಾಶವಾಣಿ ಅದನ್ನು ಬಿತ್ತರಿಸಿ ಕಾಪಿಟ್ಟರೆ, ಹತ್ತು ವರ್ಷದಲ್ಲಿ ಒಂದು ದೊಡ್ಡ ಭಂಡಾರವೇ ಆದೀತು.

ಸುಕ್ರಜ್ಜಿಗೆ ಕೇಳಬೇಕಾಗಿದ್ದದ್ದನ್ನು ಇನ್ನು ಕೇಳಲಾಗದು. ಆದರೆ ಅವರ ಜೊತೆಯಲ್ಲಿ ಸೊಲ್ಲು ಹಿಡಿದವರು, ಅವರಿಂದ ಕಲಿತವರು, ಬೇರೆ ಕೊಪ್ಪಗಳಲ್ಲಿ ಬೇರೆ ಧಾಟಿಯಲ್ಲಿ ಹಾಡುವವರು ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಇನ್ನೂ ಇದ್ದಾರೆ. ಅವರಿಗೆ ಪ್ರಶಸ್ತಿ ಬಂದಿಲ್ಲವಾದ್ದರಿಂದ ಯಾವ ಕ್ಯಾಮೆರಾವೂ ಅವರ ಮನೆಗೆ ಹೋಗಿಲ್ಲ. ಪ್ರಶಸ್ತಿ ಬರುವವರೆಗೆ ಕಾಯುವಷ್ಟು ವಯಸ್ಸು ಅವರಲ್ಲಿ ಹಲವರಿಗೆ ಉಳಿದಿಲ್ಲ. ಈ ಸುಗ್ಗಿಗೆ ಅಲ್ಲಿಗೆ ಹೋಗುವ ಸಂದರ್ಶಕರು "ಒಂದು ಹಾಡು ಹೇಳಿ" ಎನ್ನುವ ಬದಲು "ಇದನ್ನು ಹೇಗೆ ಕಲಿತಿರಿ?" ಎಂದು ಮಾತು ಶುರುಮಾಡಿದರೆ ಸಾಕು.