ಥೈರಾಯ್ಡಿನ ವೇಗ, ಮೂಳೆಯ ಸವೆತ

ಮೇಲ್ನೋಟಕ್ಕೆ ಕಲ್ಲಿನಂತೆ ಜಡವಾಗಿ ಕಾಣುವ ಮೂಳೆಯು ಜೀವಮಾನವಿಡೀ ಸವೆಯುತ್ತ, ಸವೆದುದನ್ನು ಮರಳಿ ತುಂಬಿಕೊಳ್ಳುತ್ತ ಇರುವ ಸಜೀವ ಅಂಗಾಂಶ. ‘ಆಸ್ಟಿಯೊಕ್ಲಾಸ್ಟ್’ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ಅಲ್ಲಲ್ಲಿ ಸಣ್ಣ ಗುಳಿಗಳನ್ನು ತೋಡಿದರೆ, ಅವುಗಳ ಹಿಂದೆಯೇ ಬರುವ ‘ಆಸ್ಟಿಯೊಬ್ಲಾಸ್ಟ್’ ಕೋಶಗಳು ಆ ಗುಳಿಗಳಲ್ಲಿ ಪ್ರೋಟೀನಿನ ಹಂದರವನ್ನು ಹೆಣೆದು, ಕ್ಯಾಲ್ಸಿಯಂ ಮತ್ತು ರಂಜಕದ ಲವಣಗಳು ಅದರಲ್ಲಿ ನೆಲೆಗೊಳ್ಳುವಂತೆ ಮಾಡುತ್ತವೆ. ಆರೋಗ್ಯವಂತ ವಯಸ್ಕರಲ್ಲಿ ಇಂಥ ಒಂದು ಆವರ್ತಕ್ಕೆ ಸುಮಾರು 200 ದಿನಗಳು ಬೇಕು. ತೋಡಲು ಕೆಲವು ವಾರಗಳು ಸಾಕಾದರೆ, ತುಂಬಲು ತಿಂಗಳುಗಳೇ ಹಿಡಿಯುತ್ತವೆ. ಈ ಆವರ್ತದ ವೇಗವನ್ನು ನಿರ್ಧರಿಸುವವುಗಳಲ್ಲಿ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಮುಖ್ಯವಾದುದು.

ಈ ಹಾರ್ಮೋನು ಮಿತಿಮೀರುವ ‘ಹೈಪರ್‌ಥೈರಾಯ್ಡಿಸಂ’ ಸ್ಥಿತಿಯಲ್ಲಿ ಆವರ್ತದ ಅವಧಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ, ಒಂದು ಗುಳಿ ಪೂರ್ತಿ ತುಂಬುವ ಮೊದಲೇ ಇನ್ನಷ್ಟು ಗುಳಿಗಳು ತೆರೆದುಕೊಳ್ಳುತ್ತವೆ. ಕರಗಿದ ಕ್ಯಾಲ್ಸಿಯಂ ರಕ್ತಕ್ಕೆ ಸೇರಿದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ತಗ್ಗಿ, ಅದರಿಂದ ಡಿ ಜೀವಸತ್ವದ ಸಕ್ರಿಯ ರೂಪವೂ ಕಡಿಮೆಯಾಗುತ್ತದೆ. ಹೀಗಾಗಿ ಕರುಳು ಆಹಾರದಿಂದ ಹೀರುವ ಕ್ಯಾಲ್ಸಿಯಂ ಕುಗ್ಗಿ, ಮೂತ್ರದಲ್ಲಿ ಹೋಗುವುದು ಹೆಚ್ಚುತ್ತದೆ. ಜರ್ಮನ್ ರೋಗವಿಜ್ಞಾನಿ ಫ್ರೀಡ್ರಿಖ್ ಫಾನ್ ರೆಕ್ಲಿಂಗ್‌ಹೌಸೆನ್ ಈ ಕಾಯಿಲೆಯಿಂದ ಸತ್ತ ಯುವತಿಯೊಬ್ಬಳ ಮೂಳೆಗಳು ಹುಳು ತಿಂದಂತಿದ್ದುದನ್ನು 1891ರಲ್ಲಿಯೇ ವರ್ಣಿಸಿದ್ದನು.

ಥೈರಾಯ್ಡ್ ರೋಗಗಳು ಪುರುಷರಿಗಿಂತ ಮಹಿಳೆಯರಲ್ಲಿ ಹಲವು ಪಟ್ಟು ಹೆಚ್ಚು. ಆಸ್ಟಿಯೊಕ್ಲಾಸ್ಟ್‌ಗಳಿಗೆ ಕಡಿವಾಣ ಹಾಕುವ ಈಸ್ಟ್ರೊಜೆನ್ ಹಾರ್ಮೋನು ಮುಟ್ಟು ನಿಂತ ಮೇಲೆ ಇಳಿದುಬಿಡುವುದರಿಂದ, ಆ ವಯಸ್ಸಿನಲ್ಲಿ ಥೈರಾಯ್ಡ್ ಹಾರ್ಮೋನೂ ಹೆಚ್ಚಾದರೆ ಸವೆತಕ್ಕೆ ಎರಡು ಕಡೆಯಿಂದ ಒತ್ತಡ ಬಿದ್ದು, ಬೆನ್ನುಮೂಳೆ, ಸೊಂಟ ಮತ್ತು ಮಣಿಕಟ್ಟು ಸಣ್ಣ ಪೆಟ್ಟಿಗೂ ಮುರಿಯುವ ಸಂಭವ ಹೆಚ್ಚುತ್ತದೆ.

ಹಾರ್ಮೋನು ಸಾಲದ ‘ಹೈಪೊಥೈರಾಯ್ಡಿಸಂ’ನಲ್ಲಿ ಇದಕ್ಕೆ ವಿರುದ್ಧವಾಗಿ ಆವರ್ತವು ಸುಮಾರು 700 ದಿನಗಳವರೆಗೂ ಎಳೆದುಕೊಳ್ಳುತ್ತದೆ. ಇಲ್ಲಿ ಮೂಳೆ ಬೇಗ ತೆಳುವಾಗದಿದ್ದರೂ ಹಳೆಯ ಮೂಳೆಯ ನವೀಕರಣ ಹಿಂದೆ ಬೀಳುತ್ತದೆ. ಈ ಕೊರತೆಯನ್ನು ನೀಗಿಸುವ ಲೆವೊಥೈರಾಕ್ಸಿನ್ ಮಾತ್ರೆಯೇ ಮೂಳೆಯನ್ನು ತಿನ್ನುತ್ತದೆ ಎಂಬ ನಂಬಿಕೆ ತಪ್ಪು. ಹಾನಿಯಾಗುವುದು ಪ್ರಮಾಣ ಮೀರಿದಾಗ. ಥೈರಾಯ್ಡನ್ನು ಪ್ರಚೋದಿಸಲು ಪಿಟ್ಯುಟರಿ ಗ್ರಂಥಿ ಸ್ರವಿಸುವ ಟಿಎಸ್‌ಎಚ್ ರಕ್ತದಲ್ಲಿ ತೀರ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಅದು ಮಾತ್ರೆ ಹೆಚ್ಚಾಗಿರುವುದರ ಸೂಚನೆ. ಥೈರಾಯ್ಡ್ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕೆಲವೊಮ್ಮೆ ಟಿಎಸ್‌ಎಚ್ ಅನ್ನು ಬೇಕೆಂದೇ ತಗ್ಗಿಸುವುದರಿಂದ, ಮುಟ್ಟು ನಿಂತ ಮಹಿಳೆಯರಲ್ಲಿ ಆಗ ಮೂಳೆಯ ಮೇಲೂ ನಿಗಾ ಅಗತ್ಯ.

ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಅಂಕವು -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದನ್ನು ‘ಆಸ್ಟಿಯೊಪೊರೋಸಿಸ್’ ಎನ್ನುತ್ತಾರೆ. ಕ್ಯಾಲ್ಸಿಯಂ ಮಾತ್ರೆಯು ಲೆವೊಥೈರಾಕ್ಸಿನ್ ದೇಹಕ್ಕೆ ಹತ್ತದಂತೆ ತಡೆಯುವುದರಿಂದ ಎರಡರ ನಡುವೆ 4 ಗಂಟೆಗಳ ಅಂತರವಿರಬೇಕು. ಮೂಳೆಯ ಭಯದಿಂದ ಥೈರಾಯ್ಡ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ವೈದ್ಯರು ಹೇಳಿದ ಅವಧಿಗೆ ಟಿಎಸ್‌ಎಚ್ ಪರೀಕ್ಷಿಸಿಕೊಂಡು ಪ್ರಮಾಣವನ್ನು ಸರಿಪಡಿಸಿಕೊಳ್ಳುವುದೇ ಮಹಿಳೆಯರಿಗೆ ಕ್ಷೇಮ.