ಗೋಲ್ಕೊಂಡದ ಸುಲ್ತಾನರು ಎಲ್ಲಿಯವರು? ತಪ್ಪು ಕಲ್ಪನೆ ಮತ್ತು ಸತ್ಯ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆ ಬಹುಕಾಲ ಬಿಜಾಪುರ ಮತ್ತು ಗೋಲ್ಕೊಂಡಗಳ ಗಡಿನಾಡು. ಹಳೆಯ ಕೋಟೆ ಕಂಡರೆ ಸಾಕು, ‘ತುರ್ಕರ ಕಾಲದ್ದು’ ಎಂದು ಮಾತು ಮುಗಿಸಿಬಿಡುತ್ತೇವೆ. ಆದರೆ ಗದ್ವಾಲಿನ ಕೋಟೆ ಕಟ್ಟಿಸಿದವನು ಅಲ್ಲಿನ ಸಂಸ್ಥಾನದ ದೊರೆ ಸೋಮಭೂಪಾಲ. ಹಾಗಾದರೆ ತುರ್ಕರು ಯಾರು?

ತಪ್ಪು ಕಲ್ಪನೆ 1: ತುರ್ಕರದು ಒಂದೇ ಕುಲ, ಒಂದೇ ರಕ್ತ.

ಸತ್ಯ: ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಕುದುರೆ, ಕುರಿ ಮೇಯಿಸುತ್ತಿದ್ದ ಹತ್ತಾರು ಬುಡಕಟ್ಟುಗಳು ಅವು. ಬಲಶಾಲಿ ನಾಯಕ ಸಿಕ್ಕಾಗ ಒಕ್ಕೂಟವಾಗುತ್ತಿದ್ದವು, ಅವನು ಸೋತರೆ ಚದುರಿ ಬೇರೊಬ್ಬನ ಕಡೆ ಸೇರುತ್ತಿದ್ದವು. 11ನೆಯ ಶತಮಾನದ ಮಹಮೂದ್ ಕಾಶ್ಗರಿ ತನ್ನ ನಿಘಂಟಿನಲ್ಲಿ ಓಘುಜ್ ಎಂಬ ಒಂದೇ ಒಕ್ಕೂಟದ 22 ಬುಡಕಟ್ಟುಗಳನ್ನು ಪಟ್ಟಿಮಾಡಿದ್ದಾನೆ. ಪ್ರತಿಯೊಂದೂ ತನ್ನ ಜಾನುವಾರುಗಳಿಗೆ ಹಾಕುತ್ತಿದ್ದ ಬರೆಯ ಗುರುತನ್ನೂ ಬಿಡಿಸಿ ತೋರಿಸಿದ್ದಾನೆ.

ತಪ್ಪು ಕಲ್ಪನೆ 2: ಗೋಲ್ಕೊಂಡದ ಸುಲ್ತಾನರು ಅರಬರು ಅಥವಾ ಮೊಘಲರು.

ಸತ್ಯ: ಕುತುಬ್‌ಶಾಹಿ ಮನೆತನದ ಮೂಲಪುರುಷ ಸುಲ್ತಾನ್ ಕುಲಿ ಇರಾನಿನ ಹಮದಾನ್ ಕಡೆಯವನು, ‘ಕರಿಕುರಿ’ ಎಂಬ ಅರ್ಥದ ಕಾರಾ ಕೊಯುನ್ಲು ತುರ್ಕಮನ್ ಒಕ್ಕೂಟದವನು. ಅದರ ಅರಸ ಜಹಾನ್ ಷಾ 1467ರಲ್ಲಿ ‘ಬಿಳಿಕುರಿ’ ಒಕ್ಕೂಟದ ಉಜುನ್ ಹಸನ್‌ನ ಎದುರು ಸೋತು ಸತ್ತ. ಇಬ್ಬರೂ ಓಘುಜ್ ಮೂಲದವರೇ. ಒಕ್ಕೂಟ ಒಡೆದ ಮೇಲೆ ನೆಲೆ ತಪ್ಪಿದ ಕುಲಿ ಬೀದರಿನ ಬಹಮನಿ ಆಸ್ಥಾನ ಸೇರಿದ, ತೆಲಂಗಾಣದ ಅಧಿಕಾರಿಯಾದ, ಕೊನೆಗೆ ಗೋಲ್ಕೊಂಡದಲ್ಲಿ ಸ್ವಂತ ರಾಜ್ಯ ಕಟ್ಟಿದ.

ತಪ್ಪು ಕಲ್ಪನೆ 3: ತುರ್ಕರು ಅಕ್ಷರ ಅರಿಯದ ದಾಳಿಕೋರರು.

ಸತ್ಯ: ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ 8ನೆಯ ಶತಮಾನದ ತುರ್ಕಿ ಭಾಷೆಯ ಶಾಸನಗಳು ಇಂದಿಗೂ ಇವೆ. ಯುದ್ಧದಲ್ಲಿ ಮಡಿದ ಜಹಾನ್ ಷಾ ‘ಹಕೀಕಿ’ ಎಂಬ ಕಾವ್ಯನಾಮದಲ್ಲಿ ತುರ್ಕಿ, ಪಾರಸಿ ಎರಡರಲ್ಲೂ ಬರೆದ ಕವಿ. ತಬ್ರೀಜಿನ ಪ್ರಸಿದ್ಧ ನೀಲಿ ಮಸೀದಿ ಅವನ ಕಾಲದ್ದು.

ತಪ್ಪು ಕಲ್ಪನೆ 4: ಕೃಷ್ಣಾ ತೀರದ ಯುದ್ಧಗಳೆಲ್ಲ ತುರ್ಕರಿಗೂ ಹಿಂದೂಗಳಿಗೂ ನಡೆದವು.

ಸತ್ಯ: 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಗೆದ್ದದ್ದು ನಿಜ. ಆದರೆ ಬಿಜಾಪುರ, ಗೋಲ್ಕೊಂಡಗಳೂ ಗಡಿಗಾಗಿ ತಮ್ಮತಮ್ಮಲ್ಲೇ ಬಡಿದಾಡಿದವು. ಕುಲಿಯ ಮಗ ಇಬ್ರಾಹಿಂ ತನ್ನ ಅಣ್ಣ ಜಮ್‌ಷೀದನಿಗೆ ಹೆದರಿ ವಿಜಯನಗರಕ್ಕೆ ಓಡಿಬಂದು, ಅಲ್ಲಿ ಆಳ್ವಿಕೆ ನಡೆಸುತ್ತಿದ್ದ ಅಳಿಯ ರಾಮರಾಯನ ಆಶ್ರಯದಲ್ಲಿ ಏಳು ವರ್ಷ ಇದ್ದ. 1550ರಲ್ಲಿ ಗೋಲ್ಕೊಂಡದ ಪಟ್ಟಕ್ಕೆ ಬಂದ ಅವನೇ 1565ರಲ್ಲಿ ರಾಮರಾಯನ ವಿರುದ್ಧದ ಸುಲ್ತಾನರ ಕೂಟಕ್ಕೂ ಸೇರಿದ. ಅದೇ ಇಬ್ರಾಹಿಂ ತೆಲುಗು ಕವಿಗಳಿಗೆ ಪೋಷಕ. ಅದ್ದಂಕಿ ಗಂಗಾಧರ ಕವಿ ತನ್ನ ಕಾವ್ಯವನ್ನು ಅವನಿಗೇ ಅರ್ಪಿಸಿದ.

ಹುಲ್ಲುಗಾವಲಿನಲ್ಲಾಗಲಿ ಕೃಷ್ಣೆಯ ದಡದಲ್ಲಾಗಲಿ ಮೈತ್ರಿ ಮಾಡಿಸಿದ್ದು, ಮುರಿಸಿದ್ದು ಹೆಚ್ಚಾಗಿ ರಾಜ್ಯದ ಲೆಕ್ಕಾಚಾರ. ಆದ್ದರಿಂದ ಮಕ್ಕಳಿಗೆ ಕೋಟೆ ತೋರಿಸುವಾಗ ಬರೀ ‘ತುರ್ಕರು’ ಎನ್ನಬೇಡಿ. ಯಾವ ಮನೆತನ, ಯಾವ ಕಾಲ, ಯಾರ ಜೊತೆ, ಯಾರ ವಿರುದ್ಧ ಎಂಬುದನ್ನು ಬಿಡಿಸಿ ಹೇಳಿ.