ಕುಣಿತದ ಅಂಗಳಕ್ಕೆ ಮರಳಿದ ಯಂತ್ರಸಂಗೀತ

ಹೊಸ ಯಂತ್ರ ಬಂದೊಡನೆ ಹಳೆಯದು ಮೂಲೆ ಸೇರುವುದು ಲೋಕದ ವಾಡಿಕೆ. ಇದಕ್ಕೆ ವಿರುದ್ಧವಾದ ಘಟನೆಯೊಂದು ಎಲೆಕ್ಟ್ರಾನಿಕ್ ಸಂಗೀತದ ಪ್ರಪಂಚದಲ್ಲಿ ನಡೆಯಿತು. ಕಂಪ್ಯೂಟರಿನ ನೆರವಿನಿಂದ ಅತಿ ಜಟಿಲವಾದ ಲಯಗಳನ್ನು ಹೆಣೆದು ಕೀರ್ತಿ ಗಳಿಸಿದ್ದ ಸಂಗೀತಗಾರರೊಬ್ಬರು, 2005ರಲ್ಲಿ, ಎರಡು ದಶಕಗಳಷ್ಟು ಹಳೆಯದಾದ ಉಪಕರಣಗಳ ಕಡೆಗೆ ತಿರುಗಿದರು. ಅವರೇ ‘ಏಫೆಕ್ಸ್ ಟ್ವಿನ್’ ಎಂಬ ಹೆಸರಿನಿಂದ ಪ್ರಸಿದ್ಧರಾದ ರಿಚರ್ಡ್ ಡಿ. ಜೇಮ್ಸ್. 1971ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಇವರು ಬೆಳೆದುದು ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ.

‘ಟೆಕ್ನೋ’ ಎಂಬುದು ಕುಣಿತಕ್ಕಾಗಿಯೇ ಹುಟ್ಟಿದ ಸಂಗೀತ. 1980ರ ದಶಕದಲ್ಲಿ, ಮೋಟಾರು ಕಾರುಗಳಿಗೆ ಹೆಸರಾದ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುವಾನ್ ಆಟ್‌ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಎಂಬ ತರುಣರು ಇದಕ್ಕೆ ರೂಪ ಕೊಟ್ಟರು. ಜೇಮ್ಸ್ ಅವರ ಮೊದಲ ಧ್ವನಿಮುದ್ರಿಕೆಯಾದ ‘ಅನಲಾಗ್ ಬಬಲ್‌ಬಾತ್’ 1991ರಲ್ಲಿ ಇದೇ ದಾರಿಯಲ್ಲಿ ಹೊರಬಂದಿತು. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಅವರು ಬಹುದೂರ ಸಾಗಿದರು. 2001ರ ‘ಡ್ರಕ್ಸ್’ ಎಂಬ ಸಂಕಲನದಲ್ಲಿ ಕಾಲಿಗೆ ನಿಲುಕದಷ್ಟು ವೇಗವಾಗಿ ಮುರಿದು ಕೂಡುವ ತಾಳಗಳೂ, ಕಂಪ್ಯೂಟರ್ ನುಡಿಸಿದ ಪಿಯಾನೋ ಕೃತಿಗಳೂ ಇದ್ದುವು. ಅನಂತರ ಬಂದುದು ‘ಅನಲಾರ್ಡ್’ ಎಂಬ ಹನ್ನೊಂದು ಗ್ರಾಮಫೋನ್ ತಟ್ಟೆಗಳ ಮಾಲೆ. ಇಲ್ಲಿ ಲಯ ಸರಳವಾಯಿತು. ಹಳೆಯ ಯಂತ್ರಗಳ ಕಂಠ ಮತ್ತೆ ಕೇಳಿಬಂದಿತು.

ಆ ಕಂಠದ ಗುಟ್ಟೇನು? ಅದನ್ನರಿಯಲು ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯನ್ನು ಪರಿಶೀಲಿಸೋಣ. ಮಂದ್ರಸ್ವರದ ಬೇಸ್ ಗಿಟಾರಿಗೆ ಬದಲಾಗಲೆಂದು ಜಪಾನಿನ ರೋಲೆಂಡ್ ಸಂಸ್ಥೆ 1981ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಆ ಕೆಲಸಕ್ಕೆ ಇದು ಒದಗಲಿಲ್ಲ. 1984ರಲ್ಲಿ ತಯಾರಿಕೆಯೇ ನಿಂತಿತು. ಷಿಕಾಗೋ ನಗರದ ‘ಫ್ಯೂಚರ್’ ತಂಡವು ಇದರ ಗುಂಡಿಗಳನ್ನು ಮನಬಂದಂತೆ ತಿರುಗಿಸಿ, 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಎಂಬ ತಟ್ಟೆಯನ್ನು ಹೊರತಂದಾಗ ಈ ಪೆಟ್ಟಿಗೆಯ ನಿಜವಾದ ಶಕ್ತಿ ಬೆಳಕಿಗೆ ಬಂದಿತು.

ಪೆಟ್ಟಿಗೆಯೊಳಗಿನ ವಿದ್ಯುನ್ಮಂಡಲವು ಗರಗಸದ ಹಲ್ಲಿನಂತಿರುವ ಅಲೆಯನ್ನು ಉತ್ಪಾದಿಸುತ್ತದೆ. ಮೂಲಸ್ವರ ಸೆಕೆಂಡಿಗೆ 110 ಕಂಪನಗಳದ್ದಾದರೆ, ಅದರೊಡನೆ 220, 330, 440 ಹೀಗೆ ಉಪಸ್ವರಗಳ ಸಾಲೇ ಇರುತ್ತದೆ. ಈ ಅಲೆ ಒಂದು ಶೋಧಕದ ಮೂಲಕ ಹಾಯುತ್ತದೆ. ಗೊತ್ತಾದ ಮಿತಿಗಿಂತ ಮೇಲಿನ ಕಂಪನಗಳನ್ನು ಶೋಧಕವು ಕುಗ್ಗಿಸಿ, ಮಿತಿಯ ಸನಿಹದಲ್ಲಿರುವುವನ್ನು ಹಿಗ್ಗಿಸುತ್ತದೆ. ಗುಂಡಿಯನ್ನು ತಿರುಗಿಸಿದಾಗ ಮಿತಿ ಸರಿಯುತ್ತದೆ. ಉಪಸ್ವರಗಳು ಒಂದಾದಮೇಲೊಂದು ಮೆರೆಯುತ್ತವೆ. ವಾಚಕರು ಇದನ್ನು ತಮ್ಮ ಬಾಯಿಯಲ್ಲೇ ಪರೀಕ್ಷಿಸಬಹುದು: ಶ್ರುತಿಯನ್ನು ಬದಲಿಸದೆ ‘ಉ’, ‘ಅ’, ‘ಇ’ ಎಂದು ಎಳೆದು ನುಡಿದರೆ ಸ್ವರ ಒಂದೇ, ಬಣ್ಣ ಬೇರೆ. ಬಾಯಿಯ ಆಕಾರವೇ ಅಲ್ಲಿ ಶೋಧಕ.

ಇನ್ನು ಲಯ. ನಿಮಿಷಕ್ಕೆ 120 ಪೆಟ್ಟುಗಳಾದರೆ ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡು. ಈ ಯಂತ್ರವು ನಾಲ್ಕು ಪೆಟ್ಟುಗಳ ಆವರ್ತವನ್ನು ಹದಿನಾರು ಮೆಟ್ಟಿಲುಗಳಾಗಿ ಭಾಗಿಸುತ್ತದೆ. ಮೆಟ್ಟಿಲೊಂದಕ್ಕೆ ಸೆಕೆಂಡಿನ ಎಂಟನೆಯ ಒಂದು ಪಾಲು. ನಮ್ಮ ಸಹಜ ನಡಿಗೆಯೂ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆಗಳದ್ದು. ಸಮವಾದ ಲಯವನ್ನು ಕದಲದೆ ಕುಳಿತು ಕೇಳುವಾಗಲೂ, ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳು ಚುರುಕಾಗುತ್ತವೆ ಎಂದು ಮಿದುಳಿನ ಚಿತ್ರಣದಿಂದ ತಿಳಿದುಬಂದಿದೆ. ಮುಂದಿನ ಪೆಟ್ಟು ಯಾವಾಗ ಬೀಳುವುದೆಂದು ದೇಹಕ್ಕೆ ಮೊದಲೇ ಗೊತ್ತು. ಲಯ ಹೀಗೆ ಸ್ಥಿರವಾದುದರಿಂದಲೇ, ನಾದದ ಬಣ್ಣದಲ್ಲಾಗುವ ಅಲ್ಪ ವ್ಯತ್ಯಾಸವೂ ಕಿವಿಗೆ ದೊಡ್ಡ ಘಟನೆಯಾಗಿ ತೋರುತ್ತದೆ.

ಜೇಮ್ಸ್ ಅವರ ಮರಳುವಿಕೆಯನ್ನು ಹಿನ್ನಡೆಯೆನ್ನಲು ಸಾಧ್ಯವೆ? ಸಾಧ್ಯವಿಲ್ಲವೆಂದು ನಾವು ಭಾವಿಸುತ್ತೇವೆ. ಸಾವಿರ ಸಾಧ್ಯತೆಗಳ ಯಂತ್ರ ಕೈಯಲ್ಲಿದ್ದವರು ಹದಿನಾರು ಮೆಟ್ಟಿಲುಗಳ ಮಿತಿಯನ್ನು ತಾವಾಗಿ ಆರಿಸಿಕೊಂಡರು. ಅವರು ಕಂಪ್ಯೂಟರನ್ನು ಶಾಶ್ವತವಾಗಿ ತೊರೆಯಲೂ ಇಲ್ಲ. ಹಳೆಯದನ್ನೂ ಹೊಸದನ್ನೂ ಬೆಸೆದ ಅವರ ‘ಸೈರೋ’ 2014ರಲ್ಲಿ ಪ್ರಕಟವಾಗಿ, ಮರುವರ್ಷ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ಉಪಕರಣದ ವಯಸ್ಸು ಮುಖ್ಯವಲ್ಲ. ಅದರಿಂದ ಏನನ್ನು ನುಡಿಸಬೇಕೆಂಬ ವಿವೇಕ ಮನುಷ್ಯನದೇ ಆಗಿ ಉಳಿದಿದೆ.